ಮಂಗಳವಾರದ ಸೂಜಿಮದ್ದು

"ಗುರುಗಳೇ, ವೈದ್ಯರು ಹೇಳಿದ್ದನ್ನು ಒಂದೂ ಬಿಡದೆ ಮಾಡುತ್ತೇನೆ. ಆದರೂ ಒಮ್ಮೊಮ್ಮೆ ರೋಗಿಗೆ ಕೆಡುಕಾಗುತ್ತದೆ. ನಾನು ತಪ್ಪುವುದು ಎಲ್ಲಿ?"

ಹೀಗೆ ಕೇಳಿದವನು ಮಠದ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗಿದ್ದ ಶಿಷ್ಯ. ಗುರು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪೂಜಾರಿ. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಸೋತು ಅವನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಊರಿಗೆ ಹೊಸದಾಗಿ ಬಂದ ದಾದಿಯೊಬ್ಬಳು ದಿನಾ ಬೆಳಿಗ್ಗೆ ಅವನ ಮನೆಗೆ ಹೋಗಿ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸೂಜಿ ಹಾಕತೊಡಗಿದಳು. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಜಿಪುಣಿ. ಏನೇ ಆಗಲಿ ಸೂಜಿ ಒಂದು ದಿನವೂ ತಪ್ಪಬಾರದು ಎಂಬುದೊಂದೇ ಅವಳ ಮಂತ್ರ.

ಮಂಗಳವಾರ ಆ ಪೂಜಾರಿಯ ಮೈಮೇಲೆ ದೇವಿ ಬರುತ್ತಿದ್ದಳು, ಜನ ತಮ್ಮ ಕಷ್ಟ ಕೇಳಿಕೊಳ್ಳುತ್ತಿದ್ದರು. ದೇವಿ ಬಂದು ಹೋಗುವ ತನಕ ಅವನು ಹನಿ ನೀರೂ ಮುಟ್ಟುತ್ತಿರಲಿಲ್ಲ. ಉಪವಾಸವನ್ನು ಬಾಯಿಬಿಟ್ಟು ಹೇಳಿಕೊಂಡರೆ ಫಲ ಹೋಗುತ್ತದೆ ಎಂಬ ನಂಬಿಕೆ ಬೇರೆ. ಸೂಜಿ ಶುರುವಾದ ಮೇಲೆ ಮೊದಲ ಮಂಗಳವಾರ ಬಂತು. ದಾದಿ ಬಂದಳು, ಸೂಜಿ ಹಾಕಿದಳು, ಹೋದಳು. ಅವನು ಕೈಮುಗಿದು ಸುಮ್ಮನಿದ್ದ.

ಅಂದು ಡೋಲು ಬಾರಿಸುವ ಮೊದಲೇ ದೇವಿ ಬಂದಳು. ಪೂಜಾರಿ ನಡುಗಿದ, ಬೆವೆತ, ಏನೇನೋ ತೊದಲಿದ. ಜನಕ್ಕೆ ಹಿಗ್ಗೋ ಹಿಗ್ಗು. ಕಳೆದ ಎಮ್ಮೆ, ಮುರಿದ ಮದುವೆ, ದಾಯಾದಿಗಳ ಜಗಳ ಎಲ್ಲವೂ ಮುಂದೆ ಬಂದವು. ದಾದಿಯೂ ಸಾಲಿನಲ್ಲಿದ್ದಳು, ಅವಳದು ವರ್ಗಾವಣೆಯ ಚಿಂತೆ. ಅವಳು ಕೇಳಿ ಮುಗಿಸುವಷ್ಟರಲ್ಲಿ ಪೂಜಾರಿ ಕುಸಿದ. ಅವಳು ಹಿಡಿದ ಅವನ ಕೈ ತಣ್ಣಗೆ ಕೊರೆಯುತ್ತಿತ್ತು.

ದಾದಿಗೆ ದಿಕ್ಕೇ ತೋಚಲಿಲ್ಲ. ನಡುಕ, ಬೆವರು, ತೊದಲು, ಇವು ರಕ್ತದಲ್ಲಿ ಸಕ್ಕರೆ ಇಳಿದವನ ಲಕ್ಷಣ ಎಂದು ಅವಳು ಓದಿದ್ದಳು. ಇವೇ ದೇವಿ ಬಂದವನ ಲಕ್ಷಣ ಎಂದು ಊರು ಹೇಳುತ್ತಿತ್ತು. ದೇವಿಯಾದರೆ ತಡೆಯುವುದು ಅಪಚಾರ. ಸಕ್ಕರೆ ಇಳಿದಿದ್ದರೆ ತಡಮಾಡಿದಷ್ಟೂ ಜೀವಕ್ಕೆ ಅಪಾಯ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ನೈವೇದ್ಯಕ್ಕಿಟ್ಟ ಬೆಲ್ಲದ ಪಾನಕ ಪಕ್ಕದಲ್ಲೇ ಇತ್ತು. ಅವನಿಗೆ ನುಂಗುವಷ್ಟು ಎಚ್ಚರವಿತ್ತು. ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದಳು.

"ಅಯ್ಯೋ, ಅಮ್ಮನಿಗೆ ಇಟ್ಟಿದ್ದನ್ನ ಎಂಜಲು ಮಾಡಿಬಿಟ್ಟೆಯಲ್ಲೇ!" ಎಂದು ಮುದುಕಿಯೊಬ್ಬಳು ಎದೆ ಬಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಪೂಜಾರಿ ಚೇತರಿಸಿಕೊಂಡ. ನಡೆದದ್ದು ತಿಳಿದು ಅವನೂ ಕಕ್ಕಾಬಿಕ್ಕಿಯಾದ. "ಸೂಜಿ ತಪ್ಪಿಸಬೇಡ ಅಂದ್ರಿ ನರ್ಸಮ್ಮ, ತಪ್ಪಿಸಲಿಲ್ಲ. ಉಪವಾಸ ಬಿಡಬೇಡ ಅಂದಳು ಅಮ್ಮ, ಬಿಡಲಿಲ್ಲ. ನಂದೇನು ತಪ್ಪು?" ಎಂದ.

ದಾದಿ ಪಾನಕದ ಲೋಟ ಕೆಳಗಿಟ್ಟು ಎದ್ದಳು. ದೇವಿಯನ್ನು ಓಡಿಸಿದವಳು ಎಂದು ಊರು ಬೈಯಿತು, ಜೀವ ಉಳಿಸಿದವಳು ಎಂದು ವೈದ್ಯರು ಹೊಗಳಿದರು. ಬೈಗುಳವೂ ಹೊಗಳಿಕೆಯೂ ಅವಳಿಗೆ ಒಗ್ಗಲಿಲ್ಲ. ಹಾಕಬೇಕಾದಷ್ಟೇ ಮದ್ದು ಹಾಕಿದ್ದೆ, ಹೊತ್ತಿಗೆ ಸರಿಯಾಗಿ ಹಾಕಿದ್ದೆ, ಮತ್ತೆ ಹೀಗೇಕಾಯಿತು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ನಡೆದಳು.

ಶಿಷ್ಯನ ಗೊಂದಲ ಇನ್ನೂ ಹೆಚ್ಚಾಯಿತು. "ದಾದಿ ತನ್ನ ಕೆಲಸ ಮಾಡಿದಳು, ಪೂಜಾರಿ ತನ್ನ ವ್ರತ ಮಾಡಿದ. ಹಾಗಾದರೆ ತಪ್ಪು ಯಾರದು ಗುರುಗಳೇ?" ಎಂದು ಕೇಳಿದ.

ಗುರು ಹೇಳಿದರು: "ಅಂದು ಅವನನ್ನು ಊರೆಲ್ಲ ಏನೇನೋ ಕೇಳಿತು, ಊಟವಾಯಿತೇ ಎಂದು ಕೇಳಿದವರು ಯಾರಪ್ಪ?"