ರಕ್ಕಸಿ ಕೇಳಿದ ಕೈ

"ಕೇಳಿರಿ, ಪ್ರಜೆಗಳೇ! ಅರಸರ ಮೀನುಕೆರೆಯಲ್ಲಿ ರಕ್ಕಸಿ ಎದ್ದಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರ ತಲೆ ಅವಳಿಗೆ. ಹೊತ್ತು ಮುಳುಗುವುದರೊಳಗೆ ಬಿಡಿಸುವವರು ಸಿಗದಿದ್ದರೆ, ಮೀನು ಕದ್ದ ಬೆಸ್ತರ ಮಾಸ್ತಿಯನ್ನು ಅವಳಿಗೆ ಬಲಿ ಕೊಡಲಾಗುವುದು!"

ಡಂಗುರದವನು ಹೀಗೆ ಸಾರಿದಾಗ ಮಾಸ್ತಿಯ ಅಕ್ಕ ದುರುಗಿ ಈಳಿಗೆಮಣೆಯ ಮೇಲೆ ಕೂತು ಹೊಳೆಯ ಮೀನು ಹೆಚ್ಚುತ್ತಿದ್ದಳು. ಕೈಯನ್ನೂ ತೊಳೆಯದೆ ಎದ್ದು ಕೆರೆಗೆ ನಡೆದಳು.

ಆ ಕೆರೆ ಅರಸ ಗಜಶೂರನ ಹೆಮ್ಮೆ. ಅಲ್ಲಿನ ಕೊರವ ಮೀನಿಗೆ ಗಾಳ ಹಾಕಲು ಸುತ್ತಲಿನ ದೊರೆಗಳೆಲ್ಲ ಬರುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಮೀನು ಎಳೆದವನಿಗೆ ಅರಸ ಚಿನ್ನದ ಕಡಗ ತೊಡಿಸುತ್ತಿದ್ದ. ಈಚೆಗೆ ಬೆರಳುದ್ದದ ಮೀನು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಬೆಸ್ತರೇ ಕಳ್ಳರೆಂದು ಅರಸ ಅವರ ಕೈ ಕಡಿಸಿದ. ದುರುಗಿಯ ಅಪ್ಪ ರಕ್ತ ಸೋರಿ ಏರಿಯ ಮೇಲೇ ಸತ್ತ. ಆ ರಕ್ತ ನೀರಿಗೆ ಇಳಿದ ದಿನವೇ ರಕ್ಕಸಿ ಎದ್ದು ದೋಣಿ ಮುರಿದು ಇಬ್ಬರು ದೊರೆಗಳನ್ನು ನುಂಗಿದಳು.

ದುರುಗಿ ಬಂದಾಗ ರಕ್ಕಸಿ ತೂಬಿನ ಕಲ್ಲಿನ ಮೇಲೆ ಕೂತಿದ್ದಳು. ಮಾಸ್ತಿಯನ್ನು ಕುತ್ತಿಗೆಯುದ್ದ ನೀರಿನಲ್ಲಿ ಕಂಬಕ್ಕೆ ಕಟ್ಟಿದ್ದರು. ಅರಸನೂ ನೆರೆಯ ದೊರೆಗಳೂ ಏರಿಯ ಮೇಲಿದ್ದರು. ಒಗಟು ಬಿಡಿಸಲು ದಂಡನಾಯಕ ರಕ್ಕಸಿಯ ಮುಂದೆ ನಿಂತಿದ್ದ.

"ಹಸಿವಿಲ್ಲದೆ ಬಾಯಿ ತೆರೆಯುತ್ತದೆ, ತೆರೆದದ್ದಕ್ಕೇ ಸಾಯುತ್ತದೆ. ಅದು ಸತ್ತರೆ ಅದರ ಬೆನ್ನಿಗೆ ಒಂದು ಊರೇ ಸಾಯುತ್ತದೆ. ಏನದು, ಮೀಸೆಯವನೇ?" ಎಂದು ರಕ್ಕಸಿ ಕೇಳಿದಳು.

"ಯುದ್ಧ ಸಾರುವ ಅರಸ!"

"ಅರಸರು ಯಾವಾಗಲೂ ಹಸಿದೇ ಇರುತ್ತಾರೆ, ಮಂಕೇ!" ರಕ್ಕಸಿ ಅವನ ತಲೆಯನ್ನು ಮಾವಿನಕಾಯಿ ಕಿತ್ತಂತೆ ಕಿತ್ತಳು. ಮುಂಡ ಎರಡು ಹೆಜ್ಜೆ ನಡೆದು ಬಿತ್ತು.

ನೆರೆರಾಜ್ಯದ ಯುವರಾಜ "ಹಾವು" ಎಂದ.

"ಹಾವು ಸತ್ತರೆ ಊರು ಬದುಕುತ್ತದಲ್ಲೋ!" ಎಂದು ಅವನನ್ನು ಹಸಿ ಬಿದಿರಿನಂತೆ ಸೀಳಿದಳು. ಅವನ ಕಡಗಗಳು ನೆತ್ತರಿನಲ್ಲಿ ಉರುಳಿದವು.

ದುರುಗಿ ಮುಂದೆ ಬಂದಳು. "ಮೀನು ಹೆಚ್ಚುವವಳು ಒಗಟು ಬಿಡಿಸುತ್ತಾಳಂತೆ!" ಎಂದು ಅರಸ ನಕ್ಕ.

"ಅಕ್ಕಾ, ಹೋಗೇ! ಮನೇಲಿ ಅವ್ವ ಒಬ್ಬಳೇ ಇದಾಳೆ" ಎಂದು ಮಾಸ್ತಿ ಕೂಗಿದ.

"ಬಾಯಿ ಮುಚ್ಚೋ, ನೀರು ಕುಡಿದೀಯ." ದುರುಗಿ ರಕ್ಕಸಿಯತ್ತ ತಿರುಗಿದಳು. "ಅದು ಮರಿ ಕಾಯುವ ಕೊರವ ಮೀನು. ಮರಿಗಳು ಕೆಂಪಗೆ ಗುಂಪುಗೂಡಿ ನೀರ ಮೇಲೆ ಆಡುತ್ತವೆ, ಹೆತ್ತವರು ಕೆಳಗೆ ಕಾವಲಿರುತ್ತಾರೆ. ಈ ದೊರೆಗಳು ಆ ಕೆಂಪಿನ ನಡುವೆಯೇ ಗಾಳ ಬಿಡುತ್ತಾರೆ. ಮೀನು ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಕಾವಲು ಹೋದರೆ ಮರಿಗಳೆಲ್ಲ ಯಾರದೋ ಬಾಯಿಗೆ."

ರಕ್ಕಸಿ ತಲೆದೂಗಿ ಎರಡನೆಯ ಒಗಟು ಕೇಳಿದಳು: "ಸುರಿದಷ್ಟೂ ಬರಿದಾಗುವುದು ಯಾವುದು?"

"ಇದೇ ಕೆರೆ. ಅರಸರು ವರ್ಷವರ್ಷವೂ ಬುಟ್ಟಿಗಟ್ಟಲೆ ಮರಿ ತಂದು ಸುರಿಸಿದರು. ಮೇವು ಸಾಲದೆ ಒಂದನ್ನೊಂದು ತಿಂದವು. ಉಳಿದವು ಬೆಳೆಯಲೇ ಇಲ್ಲ."

ಅರಸನ ನಗು ನಿಂತಿತು. ರಕ್ಕಸಿ ನೀರಿಗಿಳಿದು ಮಾಸ್ತಿಯ ಕುತ್ತಿಗೆಗೆ ಉಗುರು ಊರಿದಳು. ನೆತ್ತರು ಚಿಮ್ಮಿತು.

"ಕೆರೆಗೆ ಮೀನು ಮರಳಬೇಕಾದರೆ ಯಾರ ಕೈ ಕಡಿಯಬೇಕು?"

ಅರಸ ತನ್ನ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ. ದುರುಗಿ ಅದನ್ನು ಕಂಡಳು. ಅಪ್ಪನ ಮೊಂಡುಗೈ ಕಣ್ಣಿಗೆ ಕಟ್ಟಿತು, ಮಾತು ನಾಲಿಗೆಯ ತುದಿಗೆ ಬಂತು.

"ಹೇಳೇ, ಹೇಳು. ಈಗಲೇ ಕಡಿದುಕೊಡುತ್ತೇನೆ" ಎಂದು ರಕ್ಕಸಿ ಪಿಸುಗುಟ್ಟಿದಳು.

ದುರುಗಿ ಆ ಮಾತನ್ನು ನುಂಗಿಕೊಂಡಳು.

"ಯಾರದೂ ಅಲ್ಲ. ಕಡಿದ ಕೈ ಮೀನನ್ನು ನೀರಿಗೆ ಬಿಡಲಾರದು. ದೊಡ್ಡ ಮೀನಿನ ಹೊಟ್ಟೆಯಲ್ಲಿ ಬೊಗಸೆಗಟ್ಟಲೆ ಮೊಟ್ಟೆ ಇರುತ್ತವೆ. ಕಡಗದ ಆಸೆಗೆ ಇವರು ಕೊಂದದ್ದೆಲ್ಲ ಅಂಥ ಬಸುರಿಗಳನ್ನೇ. ನಡುಗಾತ್ರದ್ದನ್ನು ತಿನ್ನಲಿ. ದೊಡ್ಡದು ಸಿಕ್ಕಾಗ ಹಿಡಿದ ಕೈ ತಾನಾಗಿ ಬಿಚ್ಚಲಿ."

ರಕ್ಕಸಿ ಕಂಬವನ್ನೇ ಕಿತ್ತು ಮಾಸ್ತಿಯನ್ನು ದಡಕ್ಕೆ ಎಸೆದಳು. "ಬಿಚ್ಚದಿದ್ದರೆ ನಾನಿದ್ದೇನೆ" ಎಂದು ಮುಳುಗಿದಳು.

ದುರುಗಿ ಸೆರಗು ಹರಿದು ತಮ್ಮನ ಗಾಯ ಕಟ್ಟಿದಳು. ಅರಸ ಗಂಟಲು ಸರಿಮಾಡಿಕೊಂಡು, "ನಿನಗೊಂದು ಒಳ್ಳೆಯ ಸೀರೆ ಕೊಡಿಸೋಣ" ಎಂದ.

"ಡಂಗುರದಲ್ಲಿ ಸೀರೆಯ ಮಾತಿರಲಿಲ್ಲ, ಬುದ್ಧಿ. ಅರ್ಧ ರಾಜ್ಯ ಕೊಡಿ. ಕೆರೆ ನನ್ನ ಅರ್ಧದಲ್ಲಿರಲಿ."

ನೀರು ಗುಳುಗುಳು ಎಂದಿತು. ಅರಸ ಅಲ್ಲೇ ಕೊಟ್ಟ.

ಮುಂದೆ ಕೆರೆಯಲ್ಲಿ ಮೀನು ತುಂಬಿದವು. ಗಜಶೂರನೂ ಅಪ್ಪಣೆ ಕೇಳಿಯೇ ಗಾಳ ಹಾಕುತ್ತಿದ್ದ. ಒಮ್ಮೆ ತೋಳುದ್ದದ ಕೊರವ ಮೀನನ್ನು ಎದೆಗವಚಿಕೊಂಡು, "ದುರುಗವ್ವಾ, ಇದೊಂದು..." ಎಂದು ಶುರುಮಾಡಿದ.

"ದೊಡ್ಡದು, ಬುದ್ಧಿ. ಬಿಡಿ."

ಅರಸ ಬಿಟ್ಟ.