ಪಟ್ಟು ಸಡಿಲಿಸಿದವಳು

"ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪನ್ನು ಒಪ್ಪಿಕೊಂಡು ಸೋಲುವುದಾದರೆ, ಮುಂದಿನ ಸಲ ಪ್ರಾಮಾಣಿಕತೆಯನ್ನು ಸ್ವಲ್ಪ ಬದಿಗಿಟ್ಟು ಗೆದ್ದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಅವನು ವಾದಸಭೆಯಲ್ಲಿ ಸೋತು ಬಂದಿದ್ದ. ತಾನು ಕೊಟ್ಟ ಒಂದು ಆಧಾರ ತಪ್ಪೆಂದು ವಾದದ ನಡುವೆ ಅವನಿಗೇ ಹೊಳೆದಿತ್ತು. ಎದುರಾಳಿ ಅದನ್ನು ಗಮನಿಸಿರಲಿಲ್ಲ, ತೀರ್ಪುಗಾರರೂ ಗಮನಿಸಿರಲಿಲ್ಲ. ಇವನೇ ಎದ್ದು ಹೇಳಿದ, ಸೋತ. ಆ ಬೇಸರಕ್ಕೆ ಊಟವನ್ನೂ ಬಿಟ್ಟಿದ್ದ.

ಗುರುಗಳು ನಕ್ಕರು. "ಊಟ ಬಿಟ್ಟದ್ದಂತೂ ತಪ್ಪು. ಕೂತುಕೋ. ಜಿಯು-ಜಿತ್ಸು ಆಡುವ ಒಬ್ಬ ಹೆಣ್ಣುಮಗಳ ಕತೆ ಹೇಳುತ್ತೇನೆ. ಹಾಗೆ ಕಣ್ಣು ಬಿಡಬೇಡ, ಗುರುಗಳಿಗೂ ನಾಲ್ಕು ವಿಷಯ ಗೊತ್ತಿರುತ್ತದೆ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಟ್ಟುಗಾರ್ತಿ ಇದ್ದಳು. ಅವಳು ಕಲಿತದ್ದು ಜಿಯು-ಜಿತ್ಸು. ಅದರಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ ತೋಳನ್ನೋ ಕತ್ತನ್ನೋ ಪಟ್ಟಿನಲ್ಲಿ ಸಿಕ್ಕಿಸಬೇಕು. ಸಿಕ್ಕಿಬಿದ್ದವರು ಸೋತೆ ಎನ್ನಲು ಕೈಯಿಂದ ತಟ್ಟುತ್ತಾರೆ. ತಟ್ಟಿದ ಕೂಡಲೇ ಬಿಡಬೇಕು, ಬಿಡದಿದ್ದರೆ ಮೂಳೆ ಮುರಿಯುತ್ತದೆ. ಈ ವಿದ್ಯೆಯನ್ನು ಒಂಟಿಯಾಗಿ ಕಲಿಯಲು ಬರುವುದಿಲ್ಲ. ಕಲಿಯಲು ಇನ್ನೊಬ್ಬರ ಕತ್ತು ಬೇಕು, ಅವರು ನಂಬಿ ಕೊಟ್ಟರೆ ಮಾತ್ರ ಅದು ಸಿಗುತ್ತದೆ.

ಪಟ್ಟುಗಾರ್ತಿ ಚೆನ್ನಾಗಿ ಕಲಿತಳು. ಊರಲ್ಲಿ ಗೆದ್ದಳು, ದೇಶದಲ್ಲಿ ಗೆದ್ದಳು, ಹಡಗು ವಿಮಾನ ಹತ್ತಿ ಹೋದಲ್ಲೆಲ್ಲ ಗೆದ್ದಳು. ಕೊನೆಗೆ ಅವಳೆದುರು ನಿಲ್ಲುವವರೇ ಇಲ್ಲದಾಯಿತು. ಆಗ ಅವಳಿಗೆ ಬೇರೆ ಕಾಳಗದ ಆಸೆ ಹುಟ್ಟಿತು. ಅದರ ಹೆಸರು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಅಲ್ಲಿ ಗುದ್ದು, ಒದೆ, ಪಟ್ಟು ಎಲ್ಲವೂ ಉಂಟು.

ಮೊದಲ ಪಂದ್ಯದಲ್ಲಿ ಅವಳು ಹಳೆಯ ಅಭ್ಯಾಸದಂತೆ ಅಂಗಾತ ಮಲಗಿ, ಕಾಲು ಮೇಲೆತ್ತಿ, ಬಾ ಎಂದು ಕಾದಳು. ಎದುರಾಳಿ ಬಂದಳು. ಹಿಡಿತಕ್ಕೆ ಸಿಕ್ಕಲಿಲ್ಲ, ಮೂಗಿಗೆ ಗುದ್ದಿ ಹೋದಳು. ಮನೆಗೆ ಬರುವಷ್ಟರಲ್ಲಿ ಮೂಗು ಬದನೆಕಾಯಿ ಆಗಿತ್ತು. ಕನ್ನಡಿ ನೋಡಿಕೊಂಡು ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಮರುದಿನ ಹೋಗಿ ಹೊಸಬರ ಸಾಲಿನಲ್ಲಿ ನಿಂತು, ಮುಷ್ಟಿ ಕಟ್ಟುವುದರಿಂದ ಕಲಿಯತೊಡಗಿದಳು. ಅದನ್ನೂ ಕಲಿತಳು. ಪಂದ್ಯದ ಮೇಲೆ ಪಂದ್ಯ ಗೆದ್ದು ಚಾಂಪಿಯನ್ ಬೆಲ್ಟಿನ ಕಾಳಗದವರೆಗೆ ಬಂದಳು. ಆ ಬೆಲ್ಟಿನ ಮೇಲೆ ಅವಳಿಗೆ ಬಹಳ ಆಸೆಯಿತ್ತು. ಆಸೆಯಿಲ್ಲ ಎಂದು ಹೇಳಿಕೊಳ್ಳುವ ಜಾತಿಯವಳಲ್ಲ ಅವಳು.

ಬೆಲ್ಟು ಆಗ ಒಬ್ಬ ಗುದ್ದುಗಾರ್ತಿಯ ಬಳಿ ಇತ್ತು. ಇಬ್ಬರೂ ಸಮಸಮವಾಗಿ ಕಾದಿದರು. ಕೊನೆಗೆ ಪಟ್ಟುಗಾರ್ತಿ ಅವಳ ತೋಳನ್ನು ಸಿಕ್ಕಿಸಿದಳು. ಗುದ್ದುಗಾರ್ತಿ ತಟ್ಟಿದಳು. ಆದರೆ ತಟ್ಟಿದ ಕೈ ಇಬ್ಬರ ಮೈಯ ನಡುವೆ ಇತ್ತು, ರೆಫರಿ ಇನ್ನೊಂದು ಬದಿಯಲ್ಲಿದ್ದ. ಅವನು ನಿಲ್ಲಿಸು ಎನ್ನುವವರೆಗೆ ಪಂದ್ಯ ಮುಗಿಯುವುದಿಲ್ಲ ಎಂಬುದು ಅಲ್ಲಿಯ ನಿಯಮ. ಪಟ್ಟುಗಾರ್ತಿಯ ಮೈಗೆ ಆ ನಿಯಮ ಇನ್ನೂ ಇಳಿದಿರಲಿಲ್ಲ. ತಟ್ಟಿದ್ದು ತಿಳಿದೊಡನೆ ಬಿಟ್ಟಳು, ಎದ್ದಳು, ಬಿದ್ದವಳನ್ನು ಎಬ್ಬಿಸಲು ಕೈಯನ್ನೂ ಚಾಚಿದಳು. ಗುದ್ದುಗಾರ್ತಿ ಆ ಕೈ ಹಿಡಿದು ಎದ್ದು, ಇನ್ನೊಂದು ಕೈಯಿಂದ ಅವಳ ದವಡೆಗೆ ಬಾರಿಸಿದಳು. ಪಂದ್ಯ ಅಲ್ಲಿಗೆ ಮುಗಿಯಿತು.

ಅವಳ ಕೋಚ್ ತಲೆ ತಲೆ ಚಚ್ಚಿಕೊಂಡ. "ಹಿಡಿದದ್ದನ್ನ ಯಾಕಮ್ಮ ಬಿಟ್ಟೆ?"

"ತಟ್ಟಿದಳಲ್ಲ ಸಾರ್."

"ರೆಫರಿ ನೋಡಿದ್ನಾ?"

"ನನಗೆ ಗೊತ್ತಾಯ್ತಲ್ಲ ಸಾರ್."

ಈ ಚಾಳಿ ಬಿಡಿಸದೆ ಉಪಾಯವಿಲ್ಲ ಎಂದು ಕೋಚ್ ಒಂದು ಸೀಟಿ ತಂದ. ಇನ್ನು ಮೇಲೆ ಅಭ್ಯಾಸದಲ್ಲೂ ಎದುರಿನವರು ತಟ್ಟಿದರೆ ಬಿಡುವಂತಿಲ್ಲ, ತಾನು ಸೀಟಿ ಊದಿದ ಮೇಲೆಯೇ ಬಿಡಬೇಕು ಎಂದ. ಬೇಕೆಂದೇ ತಡಮಾಡಿ ಊದಿದ. ಪಟ್ಟುಗಾರ್ತಿಗೆ ಸೋತ ನೋವು ಇನ್ನೂ ಆರಿರಲಿಲ್ಲ, ಬೆಲ್ಟು ಕಣ್ಣ ಮುಂದೆಯೇ ಕುಣಿಯುತ್ತಿತ್ತು. ಒಪ್ಪಿದಳು. ಅಭ್ಯಾಸದ ಜೊತೆಗಾರ್ತಿಯರಲ್ಲಿ ಒಬ್ಬಳ ಮೊಣಕೈ ಊದಿತು, ಇನ್ನೊಬ್ಬಳ ಕತ್ತು ಅತ್ತಿತ್ತ ತಿರುಗದಾಯಿತು. ಸ್ವಲ್ಪ ದಿನಕ್ಕೆ ಅವರಲ್ಲಿ ಒಬ್ಬಳಿಗೆ ಹಲ್ಲುನೋವು ಬಂತು, ಒಬ್ಬಳ ಮನೆಗೆ ಅತ್ತೆ ಬಂದರು, ಒಬ್ಬಳು ಬಸ್ಸು ತಪ್ಪಿತೆಂದು ದಿನಾ ಹೇಳಿದಳು. ಅಭ್ಯಾಸಕ್ಕೆ ಕತ್ತುಗಳೇ ಇಲ್ಲದಾದವು.

ಬೇರೆ ದಾರಿ ಕಾಣದೆ ಕೋಚ್ ತಾನೇ ಚಾಪೆಗೆ ಇಳಿದ. ಪಟ್ಟುಗಾರ್ತಿ ಅವನ ತೋಳನ್ನು ಸಿಕ್ಕಿಸಿದಳು. ಅವನು ತಟ್ಟಿದ. ಮತ್ತೆ ತಟ್ಟಿದ. ಆಮೇಲೆ ಎರಡು ಕಾಲಿಂದಲೂ ಚಾಪೆ ಬಡಿಯತೊಡಗಿದ. ಸೀಟಿ ಬಾಯಿಂದ ಜಾರಿ ಅಷ್ಟು ದೂರ ಬಿದ್ದಿತ್ತು.

"ಸಾರ್, ಸೀಟಿ ಊದಲಿಲ್ಲ" ಎಂದಳು ಅವಳು.

ಬಿಡಿಸಿಕೊಂಡ ಮೇಲೆ ಕೋಚ್ ಬಹಳ ಹೊತ್ತು ತೋಳು ಉಜ್ಜಿಕೊಳ್ಳುತ್ತ ಕುಳಿತ. "ನೀನು ಮೊದಲಿನ ಹಾಗೇ ಆಡು ತಾಯಿ" ಎಂದು ಸೀಟಿಯನ್ನು ಕಿಟಕಿಯಾಚೆ ಎಸೆದ. ಸುದ್ದಿ ಹಬ್ಬಿತು. ಹಲ್ಲುನೋವು ವಾಸಿಯಾಯಿತು, ಅತ್ತೆ ಊರಿಗೆ ಹೋದರು, ಬಸ್ಸು ಸಿಗತೊಡಗಿತು.

ಒಂದು ಬೆಳಿಗ್ಗೆ ಅಭ್ಯಾಸದ ಮನೆಯ ಬಾಗಿಲಲ್ಲಿ ಗುದ್ದುಗಾರ್ತಿ ನಿಂತಿದ್ದಳು.

"ಅವತ್ತು ನಾನು ತಟ್ಟಿದ್ದೆ. ಯಾರಿಗೂ ಹೇಳಲಿಲ್ಲ" ಎಂದಳು. "ನನಗೆ ನಿನ್ನ ಪಟ್ಟು ಕಲೀಬೇಕು. ನಮ್ಮಲ್ಲಿ ಯಾರೂ ತಟ್ಟಿದರೆ ಬಿಡಲ್ಲ, ನಾನೂ ಬಿಟ್ಟವಳಲ್ಲ. ಅಲ್ಲಿ ಚಾಪೆ ಮೇಲೆ ಮಲಗೋಕೇ ಭಯ ಆಗುತ್ತೆ. ಇಲ್ಲಿ ಸೇರಿಸ್ಕೊಳ್ತೀಯಾ?"

ಪಟ್ಟುಗಾರ್ತಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ? ದವಡೆ ಇನ್ನೂ ಚಕ್ಕುಲಿ ಕಡಿಯಲು ಬಿಡುತ್ತಿರಲಿಲ್ಲ. ಒಳಗೆ ಹೋದಳು, ನೀರು ಕುಡಿದಳು, ತಿರುಗಿ ಬಂದಳು.

"ಚಪ್ಪಲಿ ಹೊರಗೆ ಬಿಟ್ಟು ಬಾ" ಎಂದಳು.

ಗುದ್ದುಗಾರ್ತಿ ಒಳಗೆ ಬಂದು, ಚಾಪೆಯ ಮೇಲೆ ಕುಳಿತು, ತನ್ನ ಕತ್ತನ್ನು ಅವಳ ತೋಳಿಗೆ ಒಪ್ಪಿಸಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ನಗು ಬಂದಿತ್ತು, ಆದರೆ ಸಮಾಧಾನ ಬಂದಿರಲಿಲ್ಲ.

"ಎಷ್ಟಾದರೂ ಬೆಲ್ಟು ಆ ಗುದ್ದುಗಾರ್ತಿಯ ಹತ್ತಿರವೇ ಉಳಿಯಿತಲ್ಲ, ಗುರುಗಳೇ?" ಎಂದ.

"ಉಳಿಯಿತು. ಆದರೆ ನಾಳೆ ನೀನು ಆ ವಿದ್ಯೆ ಕಲಿಯಲು ಹೊರಟರೆ ನಿನ್ನ ಕತ್ತನ್ನು ಯಾರ ಕೈಗೆ ಕೊಡುತ್ತೀಯ?"