ಬಿಲ್ಲಪ್ಪ ನಾಯಕನಿಗೆ ನೆನಪು ಬಂದದ್ದು

ಹತ್ತಿರ ಬನ್ನಿ ಮಕ್ಕಳೇ, ಸರಿದು ಕೂತುಕೊಳ್ಳಿ. ಈ ಕಥೆ ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ದನಿ ಜೋರಾದರೆ ಹೆದರಬೇಡಿ.

ನೆನಪು ಅನ್ನೋ ಒಂದೇ ಮಾತಿನಿಂದ ನಾವು ಎಷ್ಟು ಕೆಲಸ ಮಾಡಿಸುತ್ತೇವೆ ನೋಡಿ. ಮಗ್ಗಿ ನೆನಪಿದೆಯಾ ಅಂತ ಮೇಷ್ಟ್ರು ಕೇಳುತ್ತಾರೆ. ಉಪ್ಪು ತರೋ ನೆನಪಿಲ್ಲವಾ ಅಂತ ಅಮ್ಮ ಬೈಯುತ್ತಾಳೆ. ಸತ್ತ ಅಜ್ಜಿಯ ನೆನಪಾಗಿ ಅಪ್ಪ ಅರ್ಧ ಊಟಕ್ಕೇ ಏಳುತ್ತಾನೆ. ಮಗ್ಗಿ ಮರೆತರೆ ಮತ್ತೆ ಕಲಿಯಬಹುದು, ಉಪ್ಪು ಮರೆತರೆ ಮತ್ತೆ ಅಂಗಡಿಗೆ ಓಡಬಹುದು. ಆದರೆ ಬೇಕೆಂದೇ ಮರೆಯುವವರಿದ್ದಾರಲ್ಲ, ಅವರ ಕಥೆ ಇದು.

ಹುಲಿಗುಡ್ಡ ಅಂತ ಒಂದು ಸೀಮೆ. ಅದಕ್ಕೆ ಬಿಲ್ಲಪ್ಪ ನಾಯಕ ಅಂತ ಒಬ್ಬ ದೊರೆ. ಒಂದು ದಿನ ಬೇಟೆಯಲ್ಲಿ ಅವನ ಮೇಲೆ ಹುಲಿ ಹಾರಿತು. ಕಾವಲಿನ ಮಾಚಯ್ಯ ಅಡ್ಡ ಬಂದ. ಹುಲಿಯನ್ನು ಇರಿದ. ಹುಲಿಯೂ ಸತ್ತಿತು, ಅವನೂ ಉಳಿಯಲಿಲ್ಲ. ಸಾಯುವವನ ಕೈ ಹಿಡಿದು ನಾಯಕ ಮಾತು ಕೊಟ್ಟ: "ಊರಬಾಗಿಲಲ್ಲಿ ನಿನಗೆ ವೀರಗಲ್ಲು ನಿಲ್ಲಿಸ್ತೀನಿ. ನಿನ್ನ ಹೆಂಡತಿ ಮಕ್ಕಳಿಗೆ ನೆತ್ತರುಗೊಡಗೆ ಹೊಲ ಬಿಡ್ತೀನಿ." ದೊರೆಗಾಗಿ ನೆತ್ತರು ಚೆಲ್ಲಿದವನ ಮನೆಗೆ ಹೊಲ ಬಿಡುವುದು ಅಲ್ಲಿನ ಪದ್ಧತಿ. ಬೇಟೆಗೆ ಹೋದವರೆಲ್ಲ ಆ ಮಾತು ಕೇಳಿಸಿಕೊಂಡರು.

ಊರಿಗೆ ಬಂದದ್ದೇ ತಡ, ಹುಲಿ ಕೊಂದವನು ತಾನೇ ಅಂತ ನಾಯಕ ಮೀಸೆ ತಿರುವಿದ. ಕೇಳಿಸಿಕೊಂಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಹೇಡಿಗಳು!

ಮಾಚಯ್ಯನ ಹೆಂಡತಿ ಸಂಕವ್ವ ಅರಮನೆಗೆ ಹೋದಳು. "ಕಲ್ಲು ಯಾವಾಗ ನಿಲ್ಲಿಸ್ತೀರಿ ಬುದ್ಧಿ?"

"ಯಾವ ಕಲ್ಲು? ನೆನಪಿಲ್ಲಮ್ಮ."

ಸುಗ್ಗಿ ಕಳೆದ ಮೇಲೆ ಮತ್ತೆ ಹೋದಳು.

"ಕಾಡಿನ ಗಡಿಬಿಡೀಲಿ ಏನಂದೆನೋ ಏನೋ, ನೆನಪಿಲ್ಲಮ್ಮ."

ಇತ್ತ ಊರವರು ಆಡಿಕೊಳ್ಳತೊಡಗಿದರು. ಕಲ್ಲಿಲ್ಲ ಅಂದಮೇಲೆ ಮಾಚಯ್ಯ ಓಡುವಾಗ ಸತ್ತಿರಬೇಕು ಅಂತ. ಕೊನೆಗೆ ಅವಳ ಮಕ್ಕಳೇ ಬಂದು "ಅಪ್ಪ ಓಡಿದ್ನಾ ಅವ್ವಾ?" ಅಂತ ಕೇಳಿದರು. ಹೊಲ ಹೋದರೆ ಹೋಗಲಿ, ಗಂಡನ ಹೆಸರು ಹೋಗಬಾರದು ಅಂತ ಸಂಕವ್ವ ಮೂರನೇ ಸಲ ಹೊರಟಳು.

ಆಗ ನಾಯಕ ಒಬ್ಬ ಮುದುಕನಿಗೆ ಛಡಿಯೇಟು ಹೊಡೆಸುತ್ತಿದ್ದ. ಯಾಕೆ ಗೊತ್ತೇ? ನಾಯಕ ಚಿಕ್ಕವನಾಗಿದ್ದಾಗ ಆ ಮುದುಕ ಅವನ ಕೈಯಿಂದ ಮಾವಿನಕಾಯಿ ಕಿತ್ತುಕೊಂಡಿದ್ದನಂತೆ. ಅದು ನೆನಪಿದೆ! ಥೂ, ಅವನ ನೆನಪಿಗಿಷ್ಟು!

"ನೆನಪಾದಾಗ ಹೇಳಿಕಳಿಸ್ತೀನಿ, ನಡಿ," ಅಂದ ಸಂಕವ್ವನಿಗೆ.

ಸಂಕವ್ವ ಅಳಲಿಲ್ಲ. ಸಿಟ್ಟು ನುಂಗಿಕೊಂಡು ಕೈ ಮುಗಿದಳು. "ಹೋಗ್ಲಿ ಬಿಡಿ ಬುದ್ಧಿ. ಹುಲಿ ಕೊಂದವರು ತಾವು. ತಮ್ಮ ಹೆಸರಿಗೇ ಒಂದು ವೀರಗಲ್ಲು ಬೇಡವಾ?"

ನಾಯಕ ಉಬ್ಬಿಹೋದ. ಅಲ್ಲೇ, ಸಭೆಯಲ್ಲೇ ಅಪ್ಪಣೆಯಾಯಿತು. ಕಲ್ಲು ಕಡೆಯುವ ಬಲ್ಲೋಜ ಬಂದ. ಕಡೆಯುವ ಮೊದಲು ಊರವರ ಮುಂದೆ ನಡೆದದ್ದನ್ನು ಕೇಳಬೇಕು, ಕೇಳಿದ್ದನ್ನಷ್ಟೇ ಕಡೆಯಬೇಕು. ಅದು ಅವರ ಕಸುಬಿನ ಕಟ್ಟಳೆ. ಊರೆಲ್ಲ ಸೇರಿತು.

"ಕಲ್ಲಿನ ಕೆಳಗಿನ ಸಾಲಲ್ಲಿ ಕಾಳಗ," ಅಂದ ಬಲ್ಲೋಜ. "ಹುಲಿ ಹೆಂಗೆ ಬಂತು ಬುದ್ಧಿ?"

"ಬಿದಿರು ಮೆಳೆಯಿಂದ ಬಂತು. ಅದರ ಎಡಗಿವಿ ಹರಿದಿತ್ತು. ನನ್ನ ರುಮಾಲು ಬಿತ್ತು."

"ಎಲ್ಲ ನೆನಪಿದೆಯಾ ಬುದ್ಧಿ?" ಸಂಕವ್ವ ಕೇಳಿದಳು.

"ಕಣ್ಣಿಗೆ ಕಟ್ಟಿದ ಹಾಗಿದೆ! ಒಂದು ಚೂರೂ ಮರೆತಿಲ್ಲ!"

"ನಡುವಿನ ಸಾಲಲ್ಲಿ, ಸತ್ತ ವೀರನನ್ನ ಅಪ್ಸರೆಯರು ಸ್ವರ್ಗಕ್ಕೆ ಒಯ್ಯೋದು. ಯಾರ ಮುಖ ಕಡೀಲಿ?"

ಅಪ್ಸರೆಯರು ಅನ್ನೋದಷ್ಟೇ ನಾಯಕನ ಕಿವಿಗೆ ಬಿತ್ತು. "ನಂದೇ ಕಡಿ, ಇನ್ಯಾರದ್ದು?"

"ಕಡಿಯಣ್ಣಾ," ಅಂದಳು ಸಂಕವ್ವ, ಊರಿಗೆಲ್ಲ ಕೇಳುವಂತೆ. "ದೊರೆ ಹುಲಿ ಬಾಯಲ್ಲಿ ಸತ್ತರು ಅಂತ ಅವರೇ ಹೇಳ್ತಾವ್ರೆ. ಸತ್ತವರು ಗದ್ದುಗೆ ಮೇಲೆ ಕೂರಂಗಿಲ್ಲ. ಅವರ ತಮ್ಮನವರಿಗೆ ಪಟ್ಟ ಕಟ್ಟಿ."

ಮೂಲೆಯಲ್ಲಿದ್ದ ತಮ್ಮ ಆಗಲೇ ರುಮಾಲು ಸರಿಮಾಡಿಕೊಂಡ. ನಾಯಕ ಕೂಗಿಕೊಂಡ.

"ನಾನು ಸತ್ತಿಲ್ಲ! ನಾನು ಬದುಕಿದ್ದೀನಿ!"

"ಮತ್ತೆ ಸತ್ತವರ್ಯಾರು ಬುದ್ಧಿ? ಒಂದು ಚೂರೂ ಮರೆತಿಲ್ಲ ಅಂದ್ರಲ್ಲ!"

ನೆನಪಿಲ್ಲ ಅನ್ನುವಂತಿಲ್ಲ. ಕಲ್ಲು ಬೇಡ ಅಂದರೆ ಊರೇ ನಗುತ್ತದೆ. ನಾಯಕ ತಲೆ ತಗ್ಗಿಸಿದ. "ಮಾಚಯ್ಯ. ಹುಲಿ ಕೊಂದವನೂ ಅವನೇ."

"ಏನು ಮಾತು ಕೊಟ್ರಿ?"

"ಕಲ್ಲು. ಹೊಲ."

ಊರಬಾಗಿಲಲ್ಲಿ ಮಾಚಯ್ಯನ ಕಲ್ಲು ನಿಂತಿತು. ಹೊಲವೂ ಬಂತು. ಅಷ್ಟಾದರೂ ನಾಯಕನಿಗೆ ನಾಚಿಕೆ ಬರಲಿಲ್ಲ ನೋಡಿ. "ನಾಯಕರು ನೆನಪಿಟ್ಟು ನಿಲ್ಲಿಸಿದ್ದು ಅಂತ ಅಡಿಯಲ್ಲಿ ಬರಿ," ಅಂದ ಬಲ್ಲೋಜನಿಗೆ.

ಸಂಕವ್ವ ಕಲ್ಲಿಗೆ ಅಡ್ಡ ನಿಂತಳು. "ಉಳಿ ಮುಟ್ಟಿಸಬ್ಯಾಡ ಅಣ್ಣಾ. ನೆನಪಿಟ್ಟವಳು ನಾನು."

ಬಲ್ಲೋಜ ಉಳಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಈಗ ನೀತಿ ಕೇಳಿ ಮಕ್ಕಳೇ: ಮರೆವು ಎಲ್ಲರಿಗೂ ಬರುತ್ತದೆ, ಅದು ತಪ್ಪಲ್ಲ. ಮರೆತ ಹಾಗೆ ನಟಿಸುವುದು ಕಳ್ಳತನ. ಅಂಥವನು ದೊರೆಯಾದರೂ ಸರಿ, ಅವನ ಬಾಯಿಂದಲೇ ನೆನಪು ಕಕ್ಕಿಸುವವರೆಗೆ ಬಿಡಬೇಡಿ.